ಬೆಂಕಿ ರೇಖೆಯ ವಿಡಿಯೊ ಮತ್ತು ನಮ್ಮ ಬಳಗದ ಗುಂಪು

[ರಘು ಹಂಚಿದ ವಿಡಿಯೊ: "ಬಂಡೀಪುರದಲ್ಲಿ ಅರಣ್ಯ ಸಿಬ್ಬಂದಿಯೇ ಕಾಡಿಗೆ ಬೆಂಕಿ ಇಡುತ್ತಿದ್ದಾರೆ! ಎಲ್ಲರಿಗೂ ತಲುಪಿಸಿ"]

ರಘು: ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಸಮವಸ್ತ್ರದಲ್ಲೇ ಬೆಂಕಿ ಹಚ್ಚುತ್ತಿದ್ದಾರೆ ನೋಡಿ.

ಸುಮಿತ್ರತ್ತೆ: ಅಯ್ಯೋ, ಆ ಹುಲ್ಲಿನಲ್ಲಿ ಎಷ್ಟು ಮೂಕಜೀವಗಳಿದ್ದವೋ.

ಸವಿತಾ: ರಘು, ಇನ್ನೊಮ್ಮೆ ನೋಡು. ಸುಡುತ್ತಿರುವುದು ರಸ್ತೆ ಪಕ್ಕದ ಪಟ್ಟಿ ಮಾತ್ರ. ಎರಡೂ ಅಂಚಿನಲ್ಲಿ ನೆಲ ಕೆತ್ತಿದ್ದಾರೆ, ಹಸಿ ಸೊಪ್ಪಿನ ಕೊಂಬೆ ಹಿಡಿದು ಕಾವಲು ನಿಂತಿದ್ದಾರೆ. ಇದು ಬೆಂಕಿ ರೇಖೆ. ಬೇಸಿಗೆಗೆ ಮೊದಲೇ ಇಲ್ಲಿನ ಹುಲ್ಲು ತೆಗೆದರೆ, ಮಾರ್ಚ್‌ನಲ್ಲಿ ಹಬ್ಬಿ ಬರುವ ಬೆಂಕಿಗೆ ಇಲ್ಲಿ ಸುಡಲು ಏನೂ ಸಿಗುವುದಿಲ್ಲ.

ರಘು: 2019ರ ಫೆಬ್ರುವರಿಯಲ್ಲಿ ಈ ರೇಖೆಗಳು ಎಲ್ಲಿದ್ದವು, ಅಕ್ಕ? ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಉರಿದುಹೋಯಿತು. ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು.

ಸವಿತಾ: ರೇಖೆ ನೆಲದ ಬೆಂಕಿಯನ್ನು ತಡೆಯುತ್ತದೆ, ಗಾಳಿಯಲ್ಲಿ ಹಾರುವ ಕಿಡಿಯನ್ನಲ್ಲ. ಒಳಗೆ ಲಂಟಾನ ಎಂಬ ಆಳೆತ್ತರದ ಕಳೆಪೊದೆ ಒಣಗಿ ನಿಂತಿದ್ದರೆ ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮರದ ತಲೆಗೆ ಏರುತ್ತದೆ. ಕೋಪ ಮಾಡಿಕೊಳ್ಳುವುದಾದರೆ ಆ ಲಂಟಾನದ ಮೇಲೆ ಮಾಡಿಕೊ.

ಶಿವಣ್ಣ ಮಾವ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ 'ತರಗು ಬೆಂಕಿ' ಹಾಕುತ್ತಿದ್ದರು. ತರಗೆಲೆಯಷ್ಟೇ ಸುಡುವ ಸಣ್ಣ ಬೆಂಕಿ. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಗಳ ಮೇಲೆ ಬೆಳೆದು ಅವುಗಳ ಸಾರ ಹೀರುವ ಬದನಿಕೆ ಗಿಡ ಹೆಚ್ಚಿತು ಎಂದು ಅವರ ಹಿರಿಯರು ಹೇಳುತ್ತಾರೆ. ಕಾನೂನು ತಂದು ಅವರ ಕೈ ಕಟ್ಟಿದೆವು. ಅದನ್ನು ಮತ್ತೆ ಶುರು ಮಾಡಬೇಕು.

ಸವಿತಾ: ಮಾವ, ಅವರ ಅನುಭವವನ್ನು ನಾನೂ ಗೌರವಿಸುತ್ತೇನೆ. ಆದರೆ ಅಂದು ನೆಲದ ಮೇಲೆ ತರಗೆಲೆಯಿತ್ತು, ಇಂದು ಪೊದೆಯ ಗೋಡೆಯಿದೆ. ಈಗ ಅದೇ ಸಣ್ಣ ಬೆಂಕಿ ಹಾಕಿದರೂ ದೊಡ್ಡದಾಗುತ್ತದೆ. ಮೊದಲು ಲಂಟಾನವನ್ನು ಬುಡಸಮೇತ ಕೀಳಬೇಕು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡುತ್ತವೆ.

ಶಿವಣ್ಣ ಮಾವ: ಕೀಳುವ ಕೆಲಸವನ್ನಾದರೂ ಅವರನ್ನು ಕೇಳಿಯೇ ಮಾಡಲಿ. ಈ ಮಾತನ್ನು ನಾನು ಬಿಡುವುದಿಲ್ಲ.

ಸವಿತಾ: ಬಿಡಬೇಡಿ ಮಾವ.

ಸುಮಿತ್ರತ್ತೆ: ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಸವಿತಾ: ಅತ್ತೆ, ಕಳೆದ ಜನವರಿಯಲ್ಲಿ ಸ್ವಯಂಸೇವಕಿಯಾಗಿ ಇಂಥ ಕೆಲಸಕ್ಕೆ ಹೋಗಿದ್ದೆ. ಬೆಂಕಿ ಹಾಕುವ ಮೊದಲು ಒಬ್ಬ ಕಾವಲುಗಾರರು ಕೋಲಿನಿಂದ ಹುಲ್ಲು ಸರಿಸುತ್ತಾ ಮುಂದೆ ನಡೆದರು. ಅಂಗೈಯಗಲದ ಒಂದು ಆಮೆ ಸಿಕ್ಕಿತು. ಕಾಲು ಒಳಗೆ ಎಳೆದುಕೊಂಡು ಕಲ್ಲಿನಂತೆ ಕೂತಿತ್ತು. ಅವರು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಯಾಚೆ ನೆರಳಿನಲ್ಲಿ ಬಿಟ್ಟು, ಅದು ತಲೆ ಹೊರಹಾಕುವವರೆಗೂ ನಿಂತರು. ಕಣ್ಣಿಗೆ ಬೀಳದ ಜೀವಗಳು ಸತ್ತಿರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಇಡೀ ಬೆಟ್ಟ ಉರಿದರೆ ಆ ಆಮೆಯನ್ನು ಎತ್ತಿಡಲು ಯಾರೂ ಇರುವುದಿಲ್ಲ.

ಸುಮಿತ್ರತ್ತೆ: ಅವರ ಹೊಟ್ಟೆ ತಣ್ಣಗಿರಲಿ.

ರಘು: ಹಾಗಾದರೆ ಮಾರ್ಚ್‌ನಲ್ಲಿ ಯೋಜಿಸಿದ್ದ ನಮ್ಮ ಚಾರಣ?

ಶಿವಣ್ಣ ಮಾವ: ಬೆಂಕಿಯ ಕಾಲದಲ್ಲಿ ಕಾಡಿನ ಚಾರಣಕ್ಕೆ ನಿರ್ಬಂಧ ಹಾಕುತ್ತಾರೆ, ಹಾಕಲೇಬೇಕು. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಸಫಾರಿಗೆ ಹೋಗೋಣ. ಈಗ ಸುಟ್ಟ ಇದೇ ಪಟ್ಟಿಯಲ್ಲಿ ಎಳೆ ಹುಲ್ಲು ಚಿಗುರಿರುತ್ತದೆ, ಜಿಂಕೆಗಳ ಹಿಂಡು ಅಲ್ಲಿಯೇ ಮೇಯುತ್ತಿರುತ್ತದೆ.

ರಘು: ಆಗಲಿ ಮಾವ. ಈ ವಿಡಿಯೊವನ್ನು ಕಾಲೇಜಿನ ಗುಂಪಿಗೂ ಹಾಕಿದ್ದೆ. ಅಕ್ಕ, ಆ ಆಮೆಯ ಸಂಗತಿಯನ್ನು ಅಲ್ಲಿಯೂ ಬರೆಯಲೇ?

ಸವಿತಾ: ಬರೆ. ಸತ್ತ ಜೀವಗಳ ಮಾತನ್ನೂ ಬಿಡಬೇಡ.