ಸ್ಟ್ಯಾಂಡ್‌ನಲ್ಲಿ ಬಿಟ್ಟು ಹೋದ ಬೈಕ್‌ಗಳನ್ನ ಏನು ಮಾಡೋದು?

ಕೇಳಿದವರು: ಬಸ್ ಸ್ಟ್ಯಾಂಡ್ ಪಕ್ಕದ ಪಾರ್ಕಿಂಗ್ ನೋಡಿಕೊಳ್ಳುತ್ತೇನೆ, ಹೊಸಬ. ಮೂಲೆಯಲ್ಲಿ ನಾಲ್ಕು ಬೈಕ್ ತಿಂಗಳಿಂದ ನಿಂತಿವೆ. ಕೇಳಿಕೊಂಡು ಯಾರೂ ಬಂದಿಲ್ಲ. ಹೊರಗೆ ಎಳೆದು ಹಾಕಲಾ? ಅನುಭವ ಇರುವವರು ಹೇಳಿ.

ಹಾಸನದಿಂದ: ಎಳೀಬೇಡಿ ಮಾರಾಯ್ರೇ. ಬರೀ ದಿನ ಎಣಿಸಿದರೆ ಮೋಸ ಹೋಗುತ್ತೀರಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಗಾಡಿ ಬಿಟ್ಟು ಹಬ್ಬಕ್ಕೇ ಬರುವುದುಂಟು. ಗಾಡಿಯ ಮೈ ನೋಡಿ. ಚಕ್ರದ ಕಡ್ಡಿಗಳ ನಡುವೆ ಜೇಡ ಬಲೆ ಕಟ್ಟಿದೆಯಾ? ಗಾಳಿ ಇಳಿದು ಟೈರ್ ನೆಲಕ್ಕೆ ಕೂತಿದೆಯಾ? ನಾನು ಟೈರ್‌ನಿಂದ ನೆಲದವರೆಗೆ ಸೀಮೆಸುಣ್ಣದಲ್ಲಿ ಒಂದೇ ಗೀಟು ಎಳೆದು, ಪಕ್ಕದಲ್ಲಿ ತಾರೀಕು ಬರೆಯುತ್ತಿದ್ದೆ. ವಾರ ಬಿಟ್ಟು ನೋಡಿದಾಗ ಗೀಟು ಹಾಗೇ ಕೂಡಿಕೊಂಡಿದ್ದರೆ ಗಾಡಿ ಅಲ್ಲಾಡಿಲ್ಲ ಅಂತ ಲೆಕ್ಕ.

ಆಮೇಲೆ ಗಾಡಿಯ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಒಮ್ಮೆ ಕೊಡಗಿನ ಕೆಎ 12 ನಂಬರ್ ಹಾಕಿದರೆ ಸ್ಕೂಟರ್ ಅಂತ ಬಂತು. ನನ್ನ ಮುಂದೆ ನಿಂತಿದ್ದದ್ದು ಬುಲೆಟ್! ಪ್ಲೇಟ್ ಬದಲಾಯಿಸಿದ ಕಳ್ಳಗಾಡಿ. ಮುಟ್ಟದೆ ಠಾಣೆಗೆ ಫೋನ್ ಮಾಡಿದೆ. ಚಾಸಿಸ್ ನಂಬರ್ ಅವರೇ ಉಜ್ಜಿ ಓದಿಕೊಂಡರು.

ಮೈಸೂರಿನಿಂದ: 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ನೋಡಿ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಎತ್ತಿಸಲು ಹೇಳುವುದು ಸಮವಸ್ತ್ರದಲ್ಲಿರುವ ಪೊಲೀಸರು, ನಾವಲ್ಲ. ಖರ್ಚು ಮಾಲೀಕನ ಮೇಲೆ. ಆದರೆ ನೀವು ಚೀಟಿ ಕೊಟ್ಟು ದುಡ್ಡು ತಗೊಂಡ ಗಾಡಿ ಅಂದರೆ ಜವಾಬ್ದಾರಿ ನಿಮ್ಮ ತಲೆಗೂ ಬರುತ್ತದೆ ಅಲ್ವಾ? ಅದಕ್ಕೇ ಠಾಣೆಗೆ ಬರೆದುಕೊಡಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ನಾನು ಸುಮ್ನೆ ಬಾಯಲ್ಲಿ ಹೇಳಿ ಬಂದಿದ್ದೆ. ಆರು ತಿಂಗಳಿಗೆ ಮಾಲೀಕ ಬಂದು ‘ಬ್ಯಾಟರಿ ಎಲ್ಲಿ?’ ಅಂದ. ಕೈಯಿಂದ ಕಟ್ಟಿಕೊಟ್ಟೆ.

ಬೆಂಗಳೂರಿನಿಂದ: ಗಾಡಿಗೆ ಚೀಲ, ಕ್ಯಾನ್, ವೈರ್ ಏನಾದರೂ ಕಟ್ಟಿದ್ದರೆ ಗೀಟು ಗೀಟು ಅಂತ ಹತ್ತಿರ ಹೋಗಬೇಡಿ. ಜನರನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ. 2013ರ ಏಪ್ರಿಲ್ 17ರಂದು ಮಲ್ಲೇಶ್ವರದಲ್ಲಿ ಬಾಂಬ್ ಇದ್ದದ್ದು ಬೀದಿಬದಿ ನಿಲ್ಲಿಸಿದ್ದ ಬೈಕ್‌ನಲ್ಲೇ.

ಶಿವಮೊಗ್ಗದಿಂದ: ನಮ್ಮಲ್ಲಿ ಎಲ್ಲರೂ ಗುಜರಿ ಅಂದುಕೊಂಡಿದ್ದ ಗಾಡಿಗೆ 47ನೇ ದಿನ ಮಾಲೀಕ ಬಂದ, ಕಾಲಿಗೆ ಪ್ಲಾಸ್ಟರ್. ಆಸ್ಪತ್ರೆಯಲ್ಲಿದ್ದನಂತೆ. ಚೀಟಿ ಜೋಪಾನವಾಗಿ ಜೇಬಲ್ಲೇ ಇತ್ತು!

ಕೇಳಿದವರು: ಇವತ್ತು ಗೀಟು ಎಳೆದೆ. ಆ್ಯಪ್‌ನಲ್ಲಿ ಎಲ್ಲವೂ ಸರಿ ಇವೆ. ಮೂರಕ್ಕೆ ಅರ್ಜಿ ಬರೆಯುತ್ತಿದ್ದೇನೆ. ನಾಲ್ಕನೆಯದು ನಮ್ಮ ಕಂಟ್ರಾಕ್ಟರ್ ಭಾವಮೈದನದ್ದಂತೆ, ದುಡ್ಡು ಕೊಡಬಾರದು ಅಂತ ಮೂಲೆಗೆ ನಿಲ್ಲಿಸಿದ್ದಾನೆ.