ನ್ಯೂಟ್ರಲ್ ಮತ್ತು ಅರ್ಥಿಂಗ್: ಇಂಜಿನಿಯರರೊಂದಿಗೆ ಪ್ರಶ್ನೋತ್ತರ

ಮಿಲ್ ಮಾಲೀಕರು, ಕಲಬುರಗಿ: ನಮ್ಮ ತೊಗರಿಬೇಳೆ ಮಿಲ್ಲಿಗೆ 250 ಕೆವಿಎ ಸ್ವಂತ ಟ್ರಾನ್ಸ್‌ಫಾರ್ಮರ್ ಇದೆ. ಕಾಳು ಮೇಲೆತ್ತುವ ಎಲಿವೇಟರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಮೋಟಾರುಗಳ ಇನ್ಸುಲೇಷನ್ ಸರಿಯಿದೆ, ಆದರೂ ಯಂತ್ರಗಳ ಮೈಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಪಟ್ಟಿಗೆ, ತಂತಿಯ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ 18 ಆಂಪಿಯರ್ ಬರುತ್ತಿದೆ.

ಇಂಜಿನಿಯರ್: ಇದನ್ನು ನಾಳೆಗೆ ಬಿಡಬೇಡಿ. ಅಷ್ಟು ಕರೆಂಟ್ ಸೋರಿಕೆಯದಲ್ಲ, ಬಹುಮಟ್ಟಿಗೆ ನ್ಯೂಟ್ರಲ್‌ನದು, ಅಂದರೆ ಕರೆಂಟ್ ಹಿಂತಿರುಗುವ ತಂತಿಯದು. ನಿಮ್ಮಂಥ ಸ್ಥಾವರದಲ್ಲಿ ನ್ಯೂಟ್ರಲ್ ಹಾಗೂ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ ಬಳಿ ಮಾತ್ರ ಕೂಡಬೇಕು. ಮುಂದಿನ ಯಾವುದೋ ಪ್ಯಾನೆಲ್‌ನಲ್ಲಿ ಅವನ್ನು ಮತ್ತೆ ಕೂಡಿಸಿದ್ದರೆ, ನ್ಯೂಟ್ರಲ್ ಕರೆಂಟ್ ಪಾಲಾಗಿ ಯಂತ್ರಗಳ ಕಬ್ಬಿಣದ ಮೈಯ ಮೂಲಕವೂ ಹಿಂತಿರುಗುತ್ತದೆ. ಪ್ರತಿ ಪ್ಯಾನೆಲ್‌ಗೆ ಬರುವ ಮೂರು ಫೇಸ್ ಮತ್ತು ನ್ಯೂಟ್ರಲ್, ನಾಲ್ಕನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿಸಿ ನೋಡಿ. ಸೊನ್ನೆಯ ಆಸುಪಾಸು ಬಂದರೆ ಸರಿ; ಎಲ್ಲಿ ಆಂಪಿಯರ್ ಉಳಿಯುತ್ತದೋ ದೋಷ ಅಲ್ಲೇ, ಇಲ್ಲವೇ ಅದರಾಚೆ ಇದೆ.

ಸದಸ್ಯ, ಬೀದರ್: ಜನರೇಟರ್ ಹಾಕಿದೊಡನೆ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ.

ಇಂಜಿನಿಯರ್: ಜನರೇಟರಿನ ನ್ಯೂಟ್ರಲ್‌ಗೂ ಪ್ರತ್ಯೇಕ ಅರ್ಥಿಂಗ್ ಇದ್ದರೆ ಚೇಂಜ್‌ಓವರ್ (ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ನಾಲ್ಕು ಪೋಲಿನದಿರಬೇಕು, ಅಂದರೆ ಮೂರು ಫೇಸ್ ಜೊತೆ ನ್ಯೂಟ್ರಲನ್ನೂ ಬದಲಿಸಬೇಕು. ನಿಮ್ಮದು ಬರೀ ಮೂರು ಪೋಲಿನದೇನೋ ನೋಡಿ.

ಸದಸ್ಯ, ಶಹಾಬಾದ್: ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ, ಪ್ರತಿ ಬೋರ್ಡಿನಲ್ಲೂ ನ್ಯೂಟ್ರಲನ್ನು ಅರ್ಥಿಂಗಿಗೆ ಸೇರಿಸಿದರೆ ಶಾಕ್ ಬರುವುದಿಲ್ಲವೆಂಬ ಸಂದೇಶ ಬಂದಿದೆ.

ಇಂಜಿನಿಯರ್: ಈ ಸಂದೇಶವನ್ನು ಇಲ್ಲಿ ಮತ್ತೆ ಹಾಕಬೇಡಿ. ಮೇಲೆ ಮಿಲ್ಲಿನವರು ಅನುಭವಿಸುತ್ತಿರುವುದು ಇದೇ ಉಪದೇಶದ ಫಲ. ಉಪ್ಪು ಗುಂಡಿಯೊಳಗಿನ ಪೈಪನ್ನೂ ತಿನ್ನುತ್ತದೆ.

ಸದಸ್ಯ, ಬೀದರ್: ನಮ್ಮ ಜಂಬಿಟ್ಟಿಗೆ ನೆಲಕ್ಕೆ ಉಪ್ಪಿಲ್ಲದೆ ನಡೆಯದು. ಕಪ್ಪು ಮಣ್ಣಿನವರಿಗೆ ಹೇಳುವುದು ಸುಲಭ.

ಸದಸ್ಯ, ಶಹಾಬಾದ್: ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಬಂದು ಅಳೆಯಿರಿ. ಅರ್ಥಿಂಗಿನ ರೋಧ 1 ಓಮ್ ಬಂದರೆ ಸಾಕು, ದೋಷವಾದಾಗ ಬ್ರೇಕರ್ ತಾನೇ ಬೀಳುತ್ತದೆ.

ಇಂಜಿನಿಯರ್: ಬೀಳುವುದಿಲ್ಲ. ಟ್ರಾನ್ಸ್‌ಫಾರ್ಮರಿನದು 1 ಓಮ್, ಯಂತ್ರದ್ದು 1 ಓಮ್ ಎಂದಿಟ್ಟುಕೊಂಡರೂ 230 ವೋಲ್ಟಿಗೆ ಹರಿಯುವುದು 115 ಆಂಪಿಯರ್. 400 ಆಂಪಿಯರಿನ ಬ್ರೇಕರಿಗೆ ಅದು ಲೆಕ್ಕಕ್ಕೇ ಇಲ್ಲ. ದೋಷದ ಕರೆಂಟಿಗೆ ಟ್ರಾನ್ಸ್‌ಫಾರ್ಮರಿನವರೆಗೆ ಲೋಹದ ದಾರಿ ಬೇಕು, ಮಣ್ಣಿನದಲ್ಲ.

ಸದಸ್ಯ, ಬೀದರ್: ಹಾಗಾದರೆ ಗುಂಡಿ ಏಕೆ ತೋಡಿಸುತ್ತೀರಿ?

ಸದಸ್ಯ, ಶಹಾಬಾದ್: ಬಿಲ್ಲಿಗೆ.

ಇಂಜಿನಿಯರ್: ಇಂಥ ಮಾತಿಗೆ ನನ್ನಲ್ಲಿ ಸಮಯವಿಲ್ಲ.

ಮಿಲ್ ಮಾಲೀಕರು: ಕಚೇರಿಯ ಲೈಟಿಂಗ್ ಪ್ಯಾನೆಲ್‌ನಲ್ಲಿ 17 ಆಂಪಿಯರ್ ಉಳಿಯಿತು. ಒಳಗೆ ನ್ಯೂಟ್ರಲ್ ಪಟ್ಟಿಯನ್ನು ಪೆಟ್ಟಿಗೆಗೇ ಬೋಲ್ಟ್ ಮಾಡಿದ್ದಾರೆ. ಈಗಲೇ ತೆಗೆಸಲೇ?

ಇಂಜಿನಿಯರ್: ಕರೆಂಟ್ ಇರುವಾಗ ಮುಟ್ಟಿಸಬೇಡಿ. ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮೊದಲು ಆ ಪ್ಯಾನೆಲ್‌ಗೆ ಬರುವ ನ್ಯೂಟ್ರಲ್ ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಿದೆಯೇ ಎಂದು ನೋಡಿಸಿ. ಅದು ಕಡಿದಿದ್ದು, ಈ ಬೋಲ್ಟೇ ಅದರ ಕೆಲಸ ಮಾಡುತ್ತಿದ್ದರೆ, ಬೋಲ್ಟ್ ತೆಗೆದು ಸ್ವಿಚ್ ಹಾಕಿದೊಡನೆ ಕೆಲವು ದೀಪಗಳಿಗೆ 400ರ ಹತ್ತಿರ ವೋಲ್ಟೇಜ್ ಹೋಗುತ್ತದೆ.