ಫಿಂಗರ್ ಲೇಕ್ಸ್‌ನಲ್ಲಿ ಒಂದು ಶನಿವಾರ, ಆರು ಜನ: ಎಷ್ಟು ವೈನರಿ ನೋಡಬಹುದು?

ಕೇಳಿದವರು:

ಅಕ್ಟೋಬರ್ ಮೊದಲ ವಾರ ನಾವು ಆರು ಜನ ಸ್ನೇಹಿತರು ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಸರೋವರಗಳ ಕಡೆಗೆ ಹೊರಟಿದ್ದೇವೆ. ಶುಕ್ರವಾರ, ಶನಿವಾರ ರಾತ್ರಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಉಳಿಯುತ್ತೇವೆ. ವೈನ್ ತಯಾರಿಸಿ ಅಲ್ಲೇ ರುಚಿ ತೋರಿಸುವ ವೈನರಿಗಳನ್ನು ಸುತ್ತಲು ಶನಿವಾರ ಒಂದೇ ದಿನ. ಇಬ್ಬರಿಗೆ ವೈನ್ ಬಗ್ಗೆ ಚೆನ್ನಾಗಿ ಗೊತ್ತು, ಇಬ್ಬರಿಗೆ ಸಿಹಿ ಇದ್ದರೆ ಮಾತ್ರ ಸೇರುತ್ತದೆ, ಒಬ್ಬಳು ಕುಡಿಯುವುದೇ ಇಲ್ಲ, ನಾನು ಎಲ್ಲೋ ಮಧ್ಯದಲ್ಲಿ. ಮೂವರು ಸಸ್ಯಾಹಾರಿಗಳು. ನಮ್ಮಲ್ಲೊಬ್ಬ ಸೆನೆಕಾ, ಕ್ಯೂಕಾ, ಕಯೂಗಾ ಮೂರೂ ಸರೋವರ ಸೇರಿಸಿ ಎಂಟು ವೈನರಿಗಳ ಪಟ್ಟಿ ಮಾಡಿಟ್ಟಿದ್ದಾನೆ. ಆಗುವ ಮಾತಾ ಇದು? ಹೋಗಿ ಬಂದವರು ಹೇಳಿ.

ರೋಚೆಸ್ಟರ್‌ನಿಂದ:

ಎಂಟು ಆಗುವುದಿಲ್ಲ. ಮೂರು ಸರೋವರ ಅಂತೂ ಬೇಡವೇ ಬೇಡ. ನಿಮ್ಮ ಗೆಳೆಯ ಮ್ಯಾಪ್ ಮುಂದೆ ಕೂತು ಪಟ್ಟಿ ಮಾಡಿರಬೇಕು, ಅಲ್ಲಿ ಎಲ್ಲಾ ಪಕ್ಕಪಕ್ಕದಲ್ಲೇ ಕಾಣುತ್ತದೆ. ಸೆನೆಕಾ ಒಂದರ ಉದ್ದವೇ ಸುಮಾರು 38 ಮೈಲಿ. ದಕ್ಷಿಣದ ತುದಿಗೆ ವಾಟ್ಕಿನ್ಸ್ ಗ್ಲೆನ್, ಉತ್ತರದ ತುದಿಗೆ ಜಿನೀವಾ, ನಡುವೆ ಎಲ್ಲೂ ಒಂದು ಸೇತುವೆ ಇಲ್ಲ. ಈ ದಡದಲ್ಲಿ ನಿಂತರೆ ಆ ದಡದ ದ್ರಾಕ್ಷಿ ತೋಟ ಕಣ್ಣಿಗೆ ಕಾಣುತ್ತದೆ, ಆದರೆ ಅಲ್ಲಿಗೆ ಹೋಗಬೇಕು ಅಂದರೆ ಯಾವುದಾದರೂ ಒಂದು ತುದಿ ಬಳಸಿಕೊಂಡೇ ಹೋಗಬೇಕು, ಅಷ್ಟರಲ್ಲಿ ಒಂದು ವೈನರಿಯ ಹೊತ್ತು ರಸ್ತೆಯಲ್ಲೇ ಕಳೆದಿರುತ್ತದೆ.

ಒಂದು ಸರೋವರ, ಒಂದು ದಡ. ನಾನು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ನೀವು ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇರುವುದರಿಂದ ಪೂರ್ವದ ದಡ ಸಲೀಸು. 414ನೇ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸಾಕು, ಹೆಕ್ಟರ್, ಲೋಡೈ ಊರುಗಳ ಉದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಬೋರ್ಡ್. ಮೊದಲು ದೂರದ್ದಕ್ಕೆ ಹೋಗಿಬಿಡಿ, ಆಮೇಲೆ ಒಂದೊಂದಾಗಿ ಮುಗಿಸುತ್ತಾ ಹೋಟೆಲ್ ಕಡೆಗೆ ಇಳಿಯಿರಿ. ಸಂಜೆ ಸುಸ್ತಾದ ಹೊತ್ತಿಗೆ ದಾರಿ ಕಮ್ಮಿ ಉಳಿದಿರುತ್ತದೆ. ಲೋಡೈನಲ್ಲಿ ಲಾಮರೋ ಲ್ಯಾಂಡಿಂಗ್ ಮತ್ತು ವ್ಯಾಗ್ನರ್ ವೈನರಿಗಳು ಹೆಚ್ಚುಕಮ್ಮಿ ಅಕ್ಕಪಕ್ಕ. ವ್ಯಾಗ್ನರ್‌ನಲ್ಲಿ ಬಿಯರ್ ಕೂಡ ಅವರೇ ಮಾಡುತ್ತಾರೆ, ವೈನ್ ಸಾಕಪ್ಪಾ ಅನ್ನುವವರಿಗೆ ಒಳ್ಳೆಯದಾಯಿತು. ವಾಪಸ್ ಬರುವಾಗ ಹೆಕ್ಟರ್‌ನಲ್ಲಿ ಹ್ಯಾಜ್ಲಿಟ್ 1852 ಸಿಗುತ್ತದೆ. ಅವರ ರೆಡ್ ಕ್ಯಾಟ್ ಸಿಹಿ ವೈನ್, ಗಲಾಟೆ ಗುಂಪಿನ ಜಾಗ ಅಂತಲೇ ಹೆಸರು. ನಿಮ್ಮ ಸಿಹಿ ಪಾರ್ಟಿ ಅಲ್ಲಿಂದ ಏಳುವುದಿಲ್ಲ ನೋಡಿ.

ಆರು ಜನ ಅಂದರೆ ಒಂದೊಂದು ಕಡೆ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ತೆರೆದು ಐದರ ಹೊತ್ತಿಗೆ ಮುಚ್ಚುವ ವೈನರಿಗಳೇ ಜಾಸ್ತಿ. ಊಟ ಬಿಟ್ಟರೆ ಉಳಿಯುವುದು ಎಷ್ಟು? ಮೂರು ಆರಾಮ. ನಾಲ್ಕು ಅಂದರೆ ಓಟ.

ಅಕ್ಟೋಬರ್ ಶನಿವಾರ ಅಂದರೆ ಎಲೆ ಬಣ್ಣ ನೋಡಲು ಬಂದವರು, ದ್ರಾಕ್ಷಿ ಕೊಯ್ಲಿನ ಸಮಯ, ಎಲ್ಲಾ ಒಟ್ಟಿಗೆ. ದೊಡ್ಡ ಗುಂಪಿಗೆ ಮೊದಲೇ ಹೇಳಿರಬೇಕು ಅನ್ನುವ ನಿಯಮ ಬಹಳ ಕಡೆ ಇದೆ. ಎಷ್ಟು ಜನರಾದರೆ ದೊಡ್ಡ ಗುಂಪು ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಆದ್ದರಿಂದ ಫೋನ್ ಮಾಡಿಯೇ ಹೋಗಿ.

ಗುಂಪಿನ ಖಾಯಂ ಡ್ರೈವರ್:

ನಾನು ಕುಡಿಯುವುದಿಲ್ಲ. ಆದ್ದರಿಂದ ಕಾರಿನ ಕೀ ಯಾವಾಗಲೂ ನನ್ನ ಕೈಗೇ ಬರುತ್ತದೆ. ನಿಮ್ಮ ಆ ಗೆಳತಿಯ ಪರವಾಗಿ ನಾಲ್ಕು ಮಾತು.

ಅವಳು ಕುಡಿಯುವುದಿಲ್ಲ ಅಂದ ಮಾತ್ರಕ್ಕೆ ಅವಳೇ ಓಡಿಸಬೇಕು ಅಂತೇನಿಲ್ಲ, ಮೊದಲು ಕೇಳಿ. ಕೇಳದೆ ಪ್ಲಾನ್ ಮಾಡುವವರೇ ಜಾಸ್ತಿ. ಅವಳಿಗೆ ಬೇಡ ಅಂದರೆ ಡ್ರೈವರ್ ಸಮೇತ ವ್ಯಾನ್ ಬಾಡಿಗೆಗೆ ಸಿಗುತ್ತದೆ. ಅಕ್ಟೋಬರ್‌ಗೆ ಈಗಲೇ ಬುಕ್ ಮಾಡಬೇಕು. ಊಬರ್ ನಂಬಿಕೊಂಡು ಹೋಗಬೇಡಿ. ಅದು ಹಳ್ಳಿ ಕಡೆ. ಬರುವಾಗ ಒಂದು ಕಾರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ವಾಪಸ್ ಹೋಗುವಾಗ ಬೆಟ್ಟದ ಮೇಲೆ ನಿಂತು ಸಿಗ್ನಲ್ ಹುಡುಕುತ್ತಾ ಇರಬೇಕಾಗುತ್ತದೆ.

“ಬರೀ ಒಂದೊಂದು ಗುಟುಕು ತಾನೇ, ನಾನೇ ಓಡಿಸುತ್ತೇನೆ” ಅನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಈ ಲೆಕ್ಕ ತೋರಿಸಿ. ಟೇಸ್ಟಿಂಗ್‌ನಲ್ಲಿ, ಅಂದರೆ ರುಚಿ ನೋಡಲು, ಒಂದು ಸಲ ಸುರಿಯುವುದು ಸುಮಾರು ಒಂದು ಔನ್ಸ್. ಒಂದು ಕಡೆ ಐದು ಬಗೆ ರುಚಿ ನೋಡಿದರೆ ಐದು ಔನ್ಸ್, ಅಂದರೆ ಒಂದು ಪೂರ್ತಿ ಗ್ಲಾಸ್. ನಾಲ್ಕು ವೈನರಿ ಅಂದರೆ ನಾಲ್ಕು ಗ್ಲಾಸ್, ಅದೂ ಹಗಲಲ್ಲಿ, ಅರ್ಧ ಹೊಟ್ಟೆಯಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಮುಟ್ಟಿದರೆ ಮಾತ್ರ ಕೇಸ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 0.05 ದಾಟಿದರೂ ಅದಕ್ಕೆ ಬೇರೆ ಕೇಸ್ ಇದೆ. ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಪಶ್ಚಿಮದ ಕಡೆ, ಪೆನ್ ಯಾನ್ ಮತ್ತು ಡಂಡೀ ಊರುಗಳ ಸುತ್ತ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಜನ ಇದ್ದಾರೆ. ರಸ್ತೆಯಲ್ಲಿ ಅವರ ಕುದುರೆ ಗಾಡಿ ಓಡಾಡುತ್ತಿರುತ್ತದೆ. ಏರು ಹತ್ತಿ ಆಚೆ ಇಳಿಯುತ್ತಿದ್ದ ಹಾಗೆ ಮುಂದೆಯೇ ಒಂದು ಕಪ್ಪು ಗಾಡಿ, ಹಿಂದೆ ಕಿತ್ತಳೆ ಬಣ್ಣದ ತ್ರಿಕೋನದ ಫಲಕ. 55 ಮೈಲಿ ವೇಗದಲ್ಲಿ ಬರುತ್ತಿದ್ದರೆ ಎದೆ ಧಸಕ್ ಅನ್ನುತ್ತದೆ. ನಿಧಾನ ಮಾಡಿ, ದೂರ ಬಿಟ್ಟು ದಾಟಿ, ಹಾರ್ನ್ ಬೇಡ. ಕುದುರೆ ಬೆದರುತ್ತದೆ. ಕತ್ತಲಾಗುವ ಹೊತ್ತಿಗೆ ಜಿಂಕೆಗಳು.

ಕುಡಿಯದ ಡ್ರೈವರ್‌ನಿಂದ ಟೇಸ್ಟಿಂಗ್ ದುಡ್ಡು ತೆಗೆದುಕೊಳ್ಳದ ಕಡೆಗಳೂ ಇವೆ, ಕೇಳಿ ನೋಡಿ, ಕೆಲವು ಕಡೆ ದ್ರಾಕ್ಷಿ ಜ್ಯೂಸ್ ಕೂಡ ಕೊಡುತ್ತಾರೆ. ಮಧ್ಯಾಹ್ನದ ಊಟದ ಬಿಲ್‌ನಲ್ಲಿ ಡ್ರೈವರ್ ಪಾಲು ಹಾಕಬೇಡಿ, ಹಾಡು ಯಾವುದು ಅನ್ನುವುದು ಅವಳದೇ ತೀರ್ಮಾನ. ನಮ್ಮ ಗುಂಪಿನಲ್ಲಿ ಇದು ಕಾನೂನು.

ಇಥಾಕಾದಿಂದ:

ರೋಚೆಸ್ಟರ್‌ನವರು ಹೇಳಿದ ಒಂದು ದಡದ ಮಾತಿಗೆ ನನ್ನದೂ ಓಟು. ವೈನ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಈ ಕಡೆ ಬಂದು ಬರೀ ಕೆಂಪು ವೈನ್ ಕೇಳುವುದು ದಂಡ. ಇಲ್ಲಿನ ರಾಜ ರೀಸ್ಲಿಂಗ್, ಬಿಳಿ ವೈನ್‌ನ ದ್ರಾಕ್ಷಿ. ಯಾಕೆ ಅಂದರೆ ಚಳಿ. ಈ ಚಳಿಗೆ ಯುರೋಪಿನ ದ್ರಾಕ್ಷಿ ಬದುಕುವುದೇ ಇಲ್ಲ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು, ಕಾಂಕರ್ಡ್, ಕಟಾಬಾ ಥರದ ಈ ನೆಲದ ದ್ರಾಕ್ಷಿಯನ್ನೇ ಬೆಳೆಯುತ್ತಿದ್ದರು. ಉಕ್ರೇನ್‌ನಿಂದ ಬಂದ ಕಾನ್‌ಸ್ಟಂಟಿನ್ ಫ್ರಾಂಕ್ ಅನ್ನುವವರು ಅದನ್ನು ಒಪ್ಪಲಿಲ್ಲ. ಅಲ್ಲಿ ಇದಕ್ಕಿಂತ ಜೋರು ಚಳಿಯಲ್ಲಿ ದ್ರಾಕ್ಷಿ ಬೆಳೆಸಿದ ಮನುಷ್ಯ. ಚಳಿ ತಾಳುವ ಬೇರಿಗೆ ಕಸಿ ಕಟ್ಟಿ ತೋರಿಸಿದರು, 1962ರಲ್ಲಿ ಕ್ಯೂಕಾ ದಡದಲ್ಲಿ ಸ್ವಂತ ವೈನರಿ ಶುರು ಮಾಡಿದರು. ಅದು ಇವತ್ತಿಗೂ ಅವರ ಮನೆತನದವರ ಕೈಯಲ್ಲೇ ಇದೆ.

ಇನ್ನೊಂದು ಕಾರಣ ಸರೋವರವೇ. ಸೆನೆಕಾ ಆಳ 618 ಅಡಿ. ಅಷ್ಟು ನೀರು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲಗೆ ಬಿಡುತ್ತದೆ, ಪೂರ್ತಿ ಹೆಪ್ಪುಗಟ್ಟುವುದು ಬಲು ಅಪರೂಪ. ವಸಂತದಲ್ಲಿ ಅದೇ ನೀರು ತಣ್ಣಗಿದ್ದು ಚಿಗುರು ಬೇಗ ಒಡೆಯದಂತೆ ತಡೆಯುತ್ತದೆ, ಹಾಗಾಗಿ ಕೊನೆಯ ಹಿಮಕ್ಕೆ ಎಳೆ ಚಿಗುರು ಸಿಕ್ಕುವುದು ಕಮ್ಮಿ. ತೋಟಗಳೆಲ್ಲಾ ಇಳಿಜಾರಿನಲ್ಲೇ ಇರುವುದು ಸುಮ್ನೆ ಅಲ್ಲ, ತಣ್ಣನೆಯ ಗಾಳಿ ಕೆಳಕ್ಕೆ ಜಾರಿಹೋಗಲಿ ಅಂತ. ಸೆನೆಕಾದ ಆಗ್ನೇಯ ದಡ, ಅಂದರೆ ನೀವು ಹೋಗುವ ಹೆಕ್ಟರ್, ಲೋಡೈ ಕಡೆ, ಉಳಿದ ಕಡೆಗಿಂತ ಸ್ವಲ್ಪ ಬೆಚ್ಚಗೆ. ಅದಕ್ಕೇ ಅದನ್ನು ಬನಾನಾ ಬೆಲ್ಟ್ ಅಂತ ಕರೆಯುತ್ತಾರೆ. ಬಾಳೆಹಣ್ಣು ಹುಡುಕಬೇಡಿ. ಕೆಂಪು ಬೇಕೇ ಬೇಕು ಅನ್ನುವವರು ಅಲ್ಲಿ ಕ್ಯಾಬರ್ನೆ ಫ್ರಾಂಕ್ ಕೇಳಿ.

ಸಿಹಿ ಬೇಕು ಅನ್ನುವವರನ್ನು ಗುಂಪಿನ ಪಂಡಿತರು ಗೇಲಿ ಮಾಡುವುದನ್ನು ನೋಡಿದ್ದೇನೆ. ಅದು ದಡ್ಡತನ. ಒಂದೇ ರೀಸ್ಲಿಂಗ್ ದ್ರಾಕ್ಷಿಯಿಂದ ಸಿಹಿಯಿಲ್ಲದ, ಹುಳಿ ಹುಳಿಯಾದ ಡ್ರೈ ಇಂದ ಹಿಡಿದು ತಡವಾಗಿ ಕೊಯ್ದ ದ್ರಾಕ್ಷಿಯ, ಪಾನಕದಂಥ ಲೇಟ್ ಹಾರ್ವೆಸ್ಟ್ ತನಕ ಎಲ್ಲಾ ಮಾಡುತ್ತಾರೆ. ಎಷ್ಟೋ ಬಾಟಲಿಗಳ ಹಿಂದೆ ಡ್ರೈ ಇಂದ ಸಿಹಿ ತನಕ ಒಂದು ಗೆರೆ ಎಳೆದು, ಈ ವೈನ್ ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿರುತ್ತಾರೆ. ಅದನ್ನು ನೋಡಿ ತೆಗೆದುಕೊಂಡರೆ ಯಾರಿಗೂ ಮೋಸ ಇಲ್ಲ. ಒಂದೇ ಟೇಬಲ್‌ನಲ್ಲಿ ಇಬ್ಬರು ಡ್ರೈ, ಇಬ್ಬರು ಸ್ವಲ್ಪ ಸಿಹಿ ಇರುವ ಸೆಮಿ ಡ್ರೈ ತರಿಸಿ ಗ್ಲಾಸ್ ಬದಲಾಯಿಸಿಕೊಳ್ಳಿ. ಡ್ರೈ ಮೊದಲು, ಸಿಹಿ ಕೊನೆಗೆ. ಸಿಹಿ ಮೊದಲು ಕುಡಿದರೆ ಆಮೇಲೆ ಬರುವ ಡ್ರೈ ಬರೀ ನಿಂಬೆಹುಳಿ ಅನಿಸುತ್ತದೆ.

ಟೇಬಲ್ ಮೇಲೆ ಇಡುವ ಬಕೆಟ್ ಅಥವಾ ಜಗ್ ಇರುತ್ತದಲ್ಲ, ಅದು ಉಗುಳಲು, ಇಲ್ಲವೇ ಮಿಕ್ಕಿದ್ದು ಸುರಿಯಲು. ನಾಚಿಕೆ ಬೇಡ. ಸುರಿದರೆ ವೈನ್ ಸೇರಲಿಲ್ಲ ಅಂತ ಯಾರೂ ತಿಳಿಯುವುದಿಲ್ಲ, ವೈನ್ ಮಾಡುವವರೇ ಸುರಿಯುತ್ತಾರೆ. ಎರಡನೇ ವೈನರಿಯಿಂದಾಚೆ ರುಚಿ ತಿಳಿಯಬೇಕಾದರೆ ಇದೊಂದೇ ದಾರಿ.

ಸಿರಕ್ಯೂಸ್‌ನಿಂದ:

ಸಸ್ಯಾಹಾರಿಗಳಿಗೆ ಒಂದು ವಿಷಯ, ಯಾರೂ ಹೇಳಲಿಲ್ಲ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಇಲ್ಲವೇ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಕೆಸರಿನ ಜೊತೆ ಅದೂ ತಳಕ್ಕೆ ಇಳಿದು, ತಿಳಿಯನ್ನು ಮಾತ್ರ ಬಸಿಯುತ್ತಾರೆ. ಆದರೂ ಬೇಡ ಅನ್ನುವವರು ಇರುತ್ತಾರಲ್ಲ. ಬಾಟಲಿಯ ಮೇಲೆ ಬರೆದಿರಲೇಬೇಕು ಅಂತಿಲ್ಲ, ಕೇಳಬೇಕು. ಬೆಂಟೊನೈಟ್ ಅನ್ನುವ ಜೇಡಿಮಣ್ಣಿನಿಂದ ತಿಳಿ ಮಾಡಿದ್ದಾದರೆ ತೊಂದರೆ ಇಲ್ಲ. ಕೌಂಟರ್‌ನಲ್ಲಿ ಸುರಿಯುವ ಹುಡುಗರಿಗೆ ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ, ಬೇಜಾರು ಮಾಡಿಕೊಂಡವರನ್ನು ನಾನಂತೂ ನೋಡಿಲ್ಲ. ವೈನ್ ಜೊತೆ ಬರುವ ಚೀಸ್ ತಟ್ಟೆಗೂ ಇದೇ ಪ್ರಶ್ನೆ, ಹಾಲು ಒಡೆಸಲು ಹಾಕುವ ರೆನೆಟ್ ಕರುವಿನ ಹೊಟ್ಟೆಯದಾ, ಬೇರೆಯದಾ ಅಂತ.

ಊಟ ಮಧ್ಯಾಹ್ನ ಹನ್ನೆರಡಕ್ಕೇ ಮಾಡಿ. ಒಂದೂವರೆಗೆ ಮಾಡೋಣ ಅಂದುಕೊಂಡರೆ ಎಲ್ಲಾ ಕಡೆ ಕ್ಯೂ. ನಾವು ಒಂದು ಕಡೆ ಪುಳಿಯೋಗರೆ ಡಬ್ಬಿ ಬಿಚ್ಚಿದ ಕೂಡಲೇ ಹೊರಗಿನ ತಿಂಡಿ ಇಲ್ಲಿ ಬೇಡ ಅಂದರು, ಇನ್ನೊಂದು ಕಡೆ ಅವರೇ ಹುಲ್ಲಿನ ಮೇಲಿನ ಬೆಂಚು ತೋರಿಸಿದರು. ಫೋನ್ ಮಾಡಿದಾಗ ಅದನ್ನೂ ಕೇಳಿಬಿಡಿ. ಪುಳಿಯೋಗರೆಗೆ ಸೆಮಿ ಡ್ರೈ ರೀಸ್ಲಿಂಗ್ ಬಹಳ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ, ವಾದಕ್ಕೆ ಸಿದ್ಧ.

ಬಫಲೋದಿಂದ:

ನಾನು ಪಶ್ಚಿಮ ದಡದ ಪಕ್ಷ. 14ನೇ ರಸ್ತೆ. ನಿಮ್ಮ ಇಬ್ಬರು ವೈನ್ ತಿಳಿದವರನ್ನು ಹರ್ಮನ್ ಜೆ. ವೀಮರ್ ವೈನರಿಗೆ ಕರೆದುಕೊಂಡು ಹೋಗದಿದ್ದರೆ ಆಮೇಲೆ ಬೈಸಿಕೊಳ್ಳುತ್ತೀರಿ. ವೀಮರ್ ಜರ್ಮನಿಯ ಮೋಸೆಲ್ ಕಡೆಯಿಂದ ಬಂದವರು, ವೈನರಿ 1979ರಲ್ಲಿ ಶುರುವಾಗಿದ್ದು. ಅದೇ ದಡದಲ್ಲಿ ಉತ್ತರಕ್ಕೆ ಹೋದರೆ ಆಂಥನಿ ರೋಡ್, ಫಾಕ್ಸ್ ರನ್ ಅನ್ನುವ ವೈನರಿಗಳು. ಪೂರ್ವದ ದಡಕ್ಕೆ ಒಂದು ಮಾತ್ರ ಬಿಟ್ಟುಕೊಡುತ್ತೇನೆ. ಸಂಜೆ ಸೂರ್ಯ ನೀರಿನ ಆಚೆ ಇಳಿಯುವುದು ಅಲ್ಲಿಂದಲೇ ಕಾಣುವುದು.

ಬೆಳಿಗ್ಗೆ ವೈನ್‌ಗೆ ಮುಂಚೆ ವಾಟ್ಕಿನ್ಸ್ ಗ್ಲೆನ್ ಕಣಿವೆ ನಡೆದುಬಿಡಿ. 19 ಜಲಪಾತ, 832 ಮೆಟ್ಟಿಲು, ಕಲ್ಲೆಲ್ಲಾ ಒದ್ದೆ. ಕುಡಿದ ಮೇಲೆ ಹತ್ತುವ ಜಾಗ ಅಲ್ಲ ಅದು. ಎಂಟಕ್ಕೆ ಹೊರಟರೆ ಹತ್ತರೊಳಗೆ ಮುಗಿಯುತ್ತದೆ, ಜನವೂ ಇರುವುದಿಲ್ಲ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಮಾಡಿದವನಿಗೆ ಇದನ್ನೆಲ್ಲಾ ಓದಿಸಿದೆ, ಮುಖ ಸಣ್ಣಗಾಯಿತು, ಆದರೂ ಐದಕ್ಕೆ ಇಳಿದಿದ್ದಾನೆ. ಮೂರಕ್ಕೆ ಇಳಿಸುತ್ತೇವೆ. ಬೆಳಿಗ್ಗೆ ಕಣಿವೆ, ಆಮೇಲೆ ಪೂರ್ವದ ದಡ. ಗೆಳತಿಯನ್ನು ಕೇಳಿದೆ, ಅವಳಿಗೆ ಓಡಿಸುವ ಮನಸ್ಸಿಲ್ಲ, ಹಾಗಾಗಿ ವ್ಯಾನ್ ವಿಚಾರಿಸುತ್ತಿದ್ದೇವೆ. ಕೊಂಡ ಬಾಟಲಿಗಳನ್ನು ಭಾನುವಾರದ ತನಕ ಎಲ್ಲಿ ಇಡುವುದು?

ರೋಚೆಸ್ಟರ್‌ನಿಂದ:

ವ್ಯಾನ್‌ನಲ್ಲಿ ಬಿಡಬೇಡಿ. ಅಕ್ಟೋಬರ್ ಆದರೂ ಬಿಸಿಲಿಗೆ ಮುಚ್ಚಿದ ಗಾಡಿ ಕಾಯುತ್ತದೆ, ವೈನ್ ಕೆಡುತ್ತದೆ. ಒಂದು ಕೂಲರ್ ಬಾಕ್ಸ್ ಒಯ್ಯಿರಿ, ಐಸ್ ಜಾಸ್ತಿ ಬೇಡ, ರಾತ್ರಿ ರೂಮಿಗೆ ಎತ್ತಿಕೊಂಡು ಹೋಗಿ. ಮನೆಗೆ ತಂದು ಫ್ರಿಜ್‌ನಲ್ಲಿಟ್ಟ ಮೇಲೆ ತಳದಲ್ಲಿ ಗಾಜಿನ ಚೂರಿನ ಥರ ಹರಳು ಕಂಡರೆ ಎಸೆಯಬೇಡಿ, ಅದು ದ್ರಾಕ್ಷಿಯದೇ ಟಾರ್ಟ್ರೇಟ್, ಚಳಿಗೆ ಹಾಗೆ ಕೂರುತ್ತದೆ. ಟೇಸ್ಟಿಂಗ್ ದುಡ್ಡು ಬಾಟಲಿ ಕೊಂಡರೆ ಬಿಡುತ್ತೀರಾ ಅಂತ ಮೊದಲೇ ಕೇಳಿ, ಬಿಡುವವರು ಇದ್ದಾರೆ. ಮತ್ತೆ ಒಂದು ಮಾರ್ಕರ್ ಜೇಬಿನಲ್ಲಿ ಇರಲಿ, ಕೊಂಡ ಕೂಡಲೇ ಬಾಟಲಿ ಮೇಲೆ ಹೆಸರು ಬರೆದುಬಿಡಿ. ಆರು ಜನರದ್ದೂ ಒಂದೇ ಡಿಕ್ಕಿಗೆ ಹೋದರೆ ಭಾನುವಾರ ಹಂಚಿಕೊಳ್ಳುವಾಗ ಆ ಒಳ್ಳೆಯ ಡ್ರೈ ರೀಸ್ಲಿಂಗ್ ಎಲ್ಲರದ್ದೂ ಆಗಿರುತ್ತದೆ.